ಅಮೆರಿಕದ ಮಿನ್ನೆಸೋಟದಲ್ಲಿ ಹಳೆಯ ಸ್ನೋಮೊಬೈಲ್ ಜೊತೆ ಕೆಲವು ಚಳಿಗಾಲ: ಐದಕ್ಕೆ ಮೂರೂವರೆ

ಹಿಮದ ಮೇಲೆ ಓಡುವ ನನ್ನ ಈ ಗಾಡಿ 1990ರ ದಶಕದ್ದು. ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಫ್ಯಾನ್ ಕೂಲಿಂಗ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎರಡು ಕಾರ್ಬ್ಯುರೇಟರ್. ಕಂಪನಿ ಹೆಸರು ಬೇಡ, ಆ ಕಾಲದ ಇಂಥ ಗಾಡಿಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ. ಊರಲ್ಲಿ ಯೆಜ್ಡಿ ಬಿಚ್ಚಿ ಜೋಡಿಸಿದವರಿಗೆ ಈ ಎಂಜಿನ್ ಹೊಸದೇನಲ್ಲ. ಅದೇ ಹೊಗೆ, ಅದೇ ವಾಸನೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಮಾತ್ರ ಇಲ್ಲ, ಅದಕ್ಕೆ ಬೇರೆ ಟ್ಯಾಂಕ್, ಬೇರೆ ಪಂಪ್ ಇದೆ.

ಮೊದಲ ಚಳಿಗಾಲ ಚೆನ್ನಾಗಿಯೇ ಓಡಿತು. ಮರುವರ್ಷ ಕಿರಿಕಿರಿ ಶುರುವಾಯಿತು. ಚೋಕ್ ಎಳೆದರೆ ಸ್ಟಾರ್ಟ್, ಬಿಟ್ಟರೆ ಆಫ್. ಥ್ರಾಟಲ್ ಸ್ವಲ್ಪ ಒತ್ತಿದರೆ ಒದ್ದಾಟ, ಪೂರ್ತಿ ಒತ್ತಿದರೆ ಇದ್ದಕ್ಕಿದ್ದಂತೆ ಜಿಗಿದು ಓಡುವುದು. ನೋಡಿದವರೆಲ್ಲ "ಎಂಜಿನ್ ಹೋಯಿತು, ಮಾರಿಬಿಡು" ಅಂದರು. ಮಾರುವ ಮೊದಲು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ನೋಡೋದು ಒಳ್ಳೆಯದು, ಅಲ್ವಾ? ಎರಡೂ ಸಿಲಿಂಡರ್‌ನಲ್ಲಿ 120 ಪಿಎಸ್‌ಐ ಆಸುಪಾಸು ಬಂತು. ಎರಡರ ನಡುವೆ ಜಾಸ್ತಿ ವ್ಯತ್ಯಾಸವಿದ್ದರೆ ಚಿಂತೆ ಮಾಡಬೇಕಿತ್ತು. ಇಲ್ಲಿ ಎಂಜಿನ್ ಗಟ್ಟಿಯಾಗಿಯೇ ಇತ್ತು.

ಪ್ಲಗ್ ಬಿಚ್ಚಿದಾಗ ಅರ್ಧ ಉತ್ತರ ಸಿಕ್ಕಿತು. ಒಂದು ಪ್ಲಗ್ಗಿನ ತುದಿ ತಿಳಿ ಕಂದು, ಅಂದರೆ ಸರಿಯಾಗಿದೆ. ಇನ್ನೊಂದು ಬಿಳಿಚಿಕೊಂಡಿತ್ತು. ಆ ಸಿಲಿಂಡರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ. ಟೂ-ಸ್ಟ್ರೋಕ್‌ನಲ್ಲಿ ಇದನ್ನು ಸುಮ್ನೆ ಬಿಟ್ಟರೆ ಒಂದು ದಿನ ಪಿಸ್ಟನ್ನೇ ಕರಗುತ್ತದೆ. ಆಗ ನಿಜಕ್ಕೂ ಎಂಜಿನ್ ಹೋದಂತೆ.

ಕಡಿಮೆ ಥ್ರಾಟಲ್‌ನಲ್ಲಿ ಒದ್ದಾಡಿ, ಪೂರ್ತಿ ಒತ್ತಿದಾಗ ಸರಿಹೋದರೆ ಮೊದಲು ಕಾರ್ಬ್ಯುರೇಟರಿನ ಪೈಲಟ್ ಜೆಟ್ ನೋಡಿ, ಅಂದರೆ ಕಡಿಮೆ ಥ್ರಾಟಲ್ಲಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ. ತದ್ವಿರುದ್ಧ ಆದರೆ ಪೂರ್ತಿ ಥ್ರಾಟಲ್ಲಿಗೆ ಪೆಟ್ರೋಲ್ ಬಿಡುವ ಮೇನ್ ಜೆಟ್ ಅಥವಾ ಗಾಡಿಯೊಳಗಿನ ಪೆಟ್ರೋಲ್ ಪಂಪ್. ಬಿಳಿಚಿದ ಪ್ಲಗ್ ಬದಿಯ ಕಾರ್ಬ್ಯುರೇಟರ್ ಇಳಿಸಿ ಕೆಳಗಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಅಂಟಂಟಾದ ಹಸಿರು ಗಸಿ. ಪೈಲಟ್ ಜೆಟ್ ತೆಗೆದು ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಕ್ಲೀನರ್‌ನಲ್ಲಿ ನೆನೆಸಿ, ತಾಮ್ರದ ವೈರಿನ ಒಂದೇ ಒಂದು ಎಳೆಯನ್ನು ತೂರಿಸಿದ ಮೇಲೆ ಚುಕ್ಕೆಯಷ್ಟು ಬೆಳಕು ಕಂಡಿತು. ದಯವಿಟ್ಟು ಡ್ರಿಲ್ ಬಿಟ್ ಹಾಕಬೇಡಿ, ತೂತು ಕೂದಲಿನಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಹೊಸ ಜೆಟ್ಟಿಗೆ ಕೆಲವೇ ಡಾಲರ್.

ಕಾರ್ಬ್ಯುರೇಟರ್ ಕೈಯಲ್ಲಿರುವಾಗಲೇ ಅದನ್ನು ಎಂಜಿನ್‌ಗೆ ಜೋಡಿಸುವ ರಬ್ಬರ್ ಬೂಟನ್ನೂ ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಚೆನ್ನಾಗಿ ಕಾಣುತ್ತದೆ, ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಅಲ್ಲಿಂದ ಗಾಳಿ ನುಗ್ಗಿದರೆ ಯಾವ ಜೆಟ್ ಹಾಕಿದರೂ ಅಷ್ಟೇ. ಹಾಗೆಯೇ ಎಂಜಿನ್ನಿನಿಂದ ಪೆಟ್ರೋಲ್ ಪಂಪಿಗೆ ಹೋಗುವ ಸಣ್ಣ ಪೈಪನ್ನೂ ನೋಡಿ. ಈ ಪಂಪಿಗೆ ಕರೆಂಟ್ ಇಲ್ಲ, ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದಲೇ ಅದರ ಪೊರೆ ಬಡಿಯುತ್ತದೆ. ಪೈಪ್ ಒಡೆದಿದ್ದರೆ ಪಂಪಿಗೆ ಶಕ್ತಿಯೇ ಇಲ್ಲ. ನಾನು ಎರಡನ್ನೂ ಬದಲಾಯಿಸಿದೆ.

ಇಷ್ಟಕ್ಕೆಲ್ಲ ಮೂಲ ಬೇಸಿಗೆಯಿಡೀ ಒಳಗೇ ಉಳಿದ ಪೆಟ್ರೋಲ್. ಇಲ್ಲಿನ ಬಂಕ್‌ಗಳ ಮಾಮೂಲಿ ಪೆಟ್ರೋಲಿನಲ್ಲಿ 10% ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ. ಸ್ನೋಮೊಬೈಲ್, ದೋಣಿ, ಹಳೆ ಕಾರುಗಳಿಗೆ ಅಂತಲೇ ಎಥನಾಲ್ ಇಲ್ಲದ 91 ಆಕ್ಟೇನ್ ಪೆಟ್ರೋಲ್ ಮಿನ್ನೆಸೋಟದಲ್ಲಿ ಸುಲಭವಾಗಿ ಸಿಗುತ್ತದೆ. ದುಡ್ಡು ಜಾಸ್ತಿ, ಆದರೂ ಅದನ್ನೇ ಹಾಕಿ. ಹಿಮ ಕರಗಿದ ಮೇಲೆ ಕಾರ್ಬ್ಯುರೇಟರಿನ ಬಟ್ಟಲು ಬರಿದು ಮಾಡಿಡಿ. ಈ ಎರಡು ಅಭ್ಯಾಸ ಮಾಡಿಕೊಂಡ ಮೇಲೆ ನನ್ನ ಗಾಡಿ ತಕರಾರು ಮಾಡಿಲ್ಲ, ಮೈನಸ್ 25 ಡಿಗ್ರಿಯಲ್ಲೂ ಹಗ್ಗ ಎಳೆದರೆ ಏಳುತ್ತದೆ. ಅಂಥ ಚಳಿಯಲ್ಲಿ ಗಾಳಿ ದಟ್ಟವಾಗಿರುವುದರಿಂದ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿಕೊಂಡಿರುವುದು ಕ್ಷೇಮ.

ಎಂಜಿನ್ನಿನ ಶಕ್ತಿ ಸಾಗಿಸುವ ಬೆಲ್ಟ್ ಸವೆದರೆ ಎಳೆತ ಕಮ್ಮಿ, ಒಂದು ಸ್ಪೇರ್ ಇಟ್ಟುಕೊಳ್ಳಿ. ಹ್ಯಾಂಡಲ್ ಹೀಟರ್ ಪರವಾಗಿಲ್ಲ. ಮೈಲೇಜ್ ಕೇಳಬೇಡಿ.

ಒಂದೂವರೆ ಅಂಕ ಕಡಿದಿರುವುದು ಸಸ್ಪೆನ್ಶನ್‌ಗೆ, ಮತ್ತೆ ರಿವರ್ಸ್ ಇಲ್ಲದ್ದಕ್ಕೆ. ದಾರಿ ಮುಗಿದ ಕಡೆ ಇಳಿದು, ಹಿಂದಿನ ಬಾರ್ ಹಿಡಿದು, ಸುಮಾರು 200 ಕಿಲೋ ಗಾಡಿಯ ಹಿಂಭಾಗ ಎತ್ತಿ ತಿರುಗಿಸಬೇಕು. ಸೊಂಟ ನೋವಿದ್ದವರು ಕೊಳ್ಳುವ ಮೊದಲು, ಮಾರುವವರ ಅಂಗಳದಲ್ಲೇ ಒಮ್ಮೆ ಎತ್ತಿ ನೋಡಿ.