ಕೊಲ್ಲಿಯಲ್ಲಿ ಸಣ್ಣ ದೋಣಿಗೆ ಯಾವ ಲಂಗರು? ಕೊಕ್ಕೆ, ಡ್ಯಾನ್‌ಫೋರ್ತ್, ಪಂಜ

ಮರೆಯಿರುವ ಕೊಲ್ಲಿಯಲ್ಲಿ ಲಂಗರು ಕಿತ್ತುಬರುವುದು ಗಾಳಿಯ ಬಿರುಸಿಗಿಂತ ಹೆಚ್ಚಾಗಿ ಅದರ ದಿಕ್ಕು ಬದಲಾದಾಗ. ಹಗಲು ಕಡಲಿನಿಂದ ಬೀಸಿದ ಗಾಳಿ ರಾತ್ರಿ ನೆಲದ ಕಡೆಯಿಂದ ಬೀಸುತ್ತದೆ. ಉಬ್ಬರ ಮುಗಿದು ಇಳಿತ ಶುರುವಾದರೆ ಸೆಳೆತವೂ ತಿರುಗುತ್ತದೆ. ಅದಕ್ಕೇ 5 ಮೀಟರಿನ ಒಂದೇ ದೋಣಿಗೆ, ಒಂದೇ ಸರಪಳಿ-ಹಗ್ಗದಲ್ಲಿ ಮೂರು ಬಗೆಯ ಲಂಗರು ಸರದಿಯಲ್ಲಿ ಕಟ್ಟಿ, ಮೊದಲು ಒಂದು ದಿಕ್ಕಿಗೆ, ಆಮೇಲೆ ಅದರ ಎದುರು ದಿಕ್ಕಿಗೆ ಎಂಜಿನ್ನಿಂದ ಎಳೆದು ನೋಡಿದೆವು.

ಮಡಚುವ ನಾಲ್ಕು ಕೊಕ್ಕೆಯ ಲಂಗರು (4 ಕೆ.ಜಿ.) ಮರಳಿನಲ್ಲಿ ಗೆರೆ ಎಳೆಯುತ್ತಾ ಬರುತ್ತದೆ, ಅಷ್ಟೇ. ಕಡಲಹುಲ್ಲಿನಲ್ಲಿ ಹುಲ್ಲಿನ ಕಂತೆ ಹೊತ್ತು ಮೇಲೇಳುತ್ತದೆ. ಬಂಡೆಗೆ ಮಾತ್ರ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ, ಆದರೆ ಬಿಡಿಸಿಕೊಳ್ಳುವುದೇ ಕಷ್ಟ. ಅದಕ್ಕೆ ಸರಪಳಿಯನ್ನು ಲಂಗರಿನ ಕೆಳತುದಿಗೆ ಕಟ್ಟಿ, ದಂಡದ ಉದ್ದಕ್ಕೂ ತಂದು, ಮೇಲಿನ ಬಳೆಗೆ ತೆಳು ದಾರದಿಂದ ಬಿಗಿಯಿರಿ. ನೇರ ಮೇಲಕ್ಕೆ ಜೋರಾಗಿ ಎಳೆದರೆ ದಾರ ಹರಿದು ಲಂಗರು ಹಿಂಬದಿಯಿಂದ ಕಳಚುತ್ತದೆ. ದೋಣಿಯಲ್ಲಿ ಜನ ಇದ್ದಾಗ ಮಾತ್ರ ಈ ಉಪಾಯ.

ಅಷ್ಟೇ ತೂಕದ ಡ್ಯಾನ್‌ಫೋರ್ತ್ ಬೇರೆಯೇ ಜಾತಿ. ಎರಡು ಚಪ್ಪಟೆ ಅಲಗುಗಳು ದಂಡಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಮಗುಚಿ ಮರಳಿನೊಳಗೆ ಹೂತುಕೊಳ್ಳುತ್ತವೆ. ಒಂದೇ ದಿಕ್ಕಿನ ಎಳೆತಕ್ಕೆ ಮೂರರಲ್ಲಿ ಇದೇ ಗಟ್ಟಿ. ಎದುರು ದಿಕ್ಕಿಗೆ ಎಳೆದಾಗ ಮಾತ್ರ ಮಗುಚಿ ಹೊರಬರುತ್ತದೆ. ಆಗ ದಂಡಕ್ಕೂ ಅಲಗಿಗೂ ನಡುವೆ ಒಂದು ಚಿಪ್ಪೋ ಕಲ್ಲೋ ಸಿಕ್ಕಿಕೊಂಡರೆ ಮತ್ತೆ ಹೂಳುವುದಿಲ್ಲ, ಜಾರುತ್ತಲೇ ಹೋಗುತ್ತದೆ. ದೋಣಿ ಓಡುತ್ತಿರುವಾಗ ಎಸೆದರೂ ನೀರಿನಲ್ಲಿ ತೇಲಾಡುತ್ತಾ ಬರುತ್ತದೆಯೇ ಹೊರತು ನೆಲ ಹಿಡಿಯುವುದಿಲ್ಲ.

ಬ್ರೂಸ್ ಮಾದರಿಯ ಪಂಜ ಲಂಗರಿಗೆ ಅಲುಗಾಡುವ ಭಾಗಗಳೇ ಇಲ್ಲ. ತೂಕಕ್ಕೆ ತೂಕ ನೋಡಿದರೆ ಡ್ಯಾನ್‌ಫೋರ್ತ್‌ನಷ್ಟು ಹಿಡಿತವಿಲ್ಲ, ಆದ್ದರಿಂದ 5 ಕೆ.ಜಿ.ಯದ್ದೇ ಬೇಕು. ಗಟ್ಟಿ ಮರಳಿನಲ್ಲಿ ಮೊನೆ ಮಾತ್ರ ಇಳಿಯುವುದೂ ಉಂಟು. ಆದರೆ ಎಳೆತ ತಿರುಗಿದಾಗ ನೆಲದಲ್ಲೇ ಹೊರಳಿ, ಸ್ವಲ್ಪ ದೂರದಲ್ಲೇ ಮತ್ತೆ ಕಚ್ಚುತ್ತದೆ. ಸಣ್ಣ ದೋಣಿಯಲ್ಲಿ ಇಡಲು ಜಾಗ ತಿನ್ನುತ್ತದೆ ಎನ್ನುವುದು ನಿಜವಾದ ತೊಂದರೆ. ಹಾಗಿದ್ದರೂ ರಾತ್ರಿ ನಿಲ್ಲಿಸಿ ಹೋಗುವ ದೋಣಿಗೆ ನಮ್ಮ ಆಯ್ಕೆ ಪಂಜವೇ. ಹಗಲು, ಜನ ಮೇಲೇ ಇರುವಾಗ, ಡ್ಯಾನ್‌ಫೋರ್ತ್.

ಸರಪಳಿ ತೆಗೆದಾಗ ಮೂರೂ ಸೋತವು. ಎಳೆತ ಮೇಲ್ಮುಖವಾದರೆ ದಂಡ ಎದ್ದು ಮೊನೆ ಕಿತ್ತುಕೊಳ್ಳುತ್ತದೆ. 6 ಮಿ.ಮೀ. ಸರಪಳಿ 6 ಮೀಟರ್ (ಸುಮಾರು 5 ಕೆ.ಜಿ.), ಅದರ ಹಿಂದೆ 10 ಮಿ.ಮೀ. ನೈಲಾನ್ ಹಗ್ಗ ಸಾಕು. ಪಾಲಿಪ್ರೊಪಿಲೀನ್ ಅಗ್ಗ, ಆದರೆ ನೀರಿನ ಮೇಲೆ ತೇಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ನೈಲಾನಿನಂತೆ ಹಿಗ್ಗಿ ಅಲೆಯ ಜಗ್ಗಾಟ ನುಂಗುವುದೂ ಇಲ್ಲ. ಲಂಗರನ್ನು ಸರಪಳಿಗೆ ಜೋಡಿಸುವ ಕೊಂಡಿಯ (ಶಾಕಲ್) ಪಿನ್ನಿಗೆ ತಂತಿ ಸುತ್ತಿ, ಇಲ್ಲದಿದ್ದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಗ್ಗದ ಉದ್ದದಲ್ಲಿ ಆಗುವ ತಪ್ಪು ಲೆಕ್ಕದ್ದು. ಇಳಿತದಲ್ಲಿ 2.5 ಮೀಟರ್ ಆಳ ಕಂಡು, ಅದರ 7 ಪಟ್ಟು ಎಂದು 17.5 ಮೀಟರ್ ಬಿಡುತ್ತಾರೆ. ಉಬ್ಬರ 1.5 ಮೀಟರ್ ಏರಿದರೆ, ನೀರಿನಿಂದ ದೋಣಿಯ ಮೂತಿಯ (ಮುಂತುದಿಯ) ಎತ್ತರ 1 ಮೀಟರ್ ಸೇರಿಸಿದರೆ, ಒಟ್ಟು 5 ಮೀಟರ್. ಬಿಟ್ಟ ಹಗ್ಗ ಅದಕ್ಕೆ ಮೂರೂವರೆ ಪಟ್ಟಷ್ಟೇ. ಬೇಕಾದದ್ದು ಆ 5 ಮೀಟರಿನ 7 ಪಟ್ಟು, ಅಂದರೆ 35 ಮೀಟರ್. ಅಷ್ಟು ಹಗ್ಗದಲ್ಲಿ ದೋಣಿ ಸುತ್ತುವ ವೃತ್ತವೂ ದೊಡ್ಡದು, ಪಕ್ಕದ ದೋಣಿಗಳಿಂದ ದೂರ ಇರಲಿ.

ಇಳಿಸುವಾಗ ಮೂತಿ ಗಾಳಿಗೆ ಮಾಡಿ, ದೋಣಿ ಪೂರ್ತಿ ನಿಂತ ಮೇಲೆ ಕೈಯಿಂದ ನೆಲಕ್ಕೆ ಇಳಿಸಿ. ಹಿಂದಕ್ಕೆ ತೇಲುತ್ತಾ ಆಳದ 3 ಪಟ್ಟು ಹಗ್ಗ ಬಿಟ್ಟಾಗ ಒಮ್ಮೆ ಬಿಗಿಹಿಡಿದು, ಉಳಿದದ್ದನ್ನೂ ಬಿಟ್ಟು, ನಿಧಾನವಾಗಿ ಅರ್ಧ ನಿಮಿಷ ರಿವರ್ಸ್ ಕೊಡಿ. ಮೂತಿಯ ಮುಂದಿನ ಹಗ್ಗದ ಮೇಲೆ ಕೈಯಿಡಿ: ದಡಬಡ ನಡುಗಿದರೆ ಲಂಗರು ಜಾರುತ್ತಿದೆ. ಹಗ್ಗವನ್ನು ದೋಣಿಯ ಹಿಂಬದಿಗೆ ಎಂದೂ ಕಟ್ಟಬೇಡಿ, ಎಂಜಿನ್ ಭಾರಕ್ಕೆ ಮೊದಲೇ ತಗ್ಗಿದ ಅಂಚಿನ ಮೇಲೆ ಅಲೆ ಒಳನುಗ್ಗುತ್ತದೆ.

ದೋಣಿ ಜಾರುತ್ತಿದೆಯೇ ಎಂದು ತಿಳಿಯಲು ದಡದಲ್ಲಿ ಒಂದರ ಹಿಂದೆ ಒಂದು ನಿಂತ ಎರಡು ಗುರುತು ನೋಡಿಟ್ಟುಕೊಳ್ಳಿ. ಗಾಳಿ ತಿರುಗಿದರೆ ಆ ಗುರುತು ಕೆಲಸಕ್ಕೆ ಬಾರದು. ದೋಣಿ ಹೊಸ ದಿಕ್ಕಿಗೆ ನೆಲೆನಿಂತ ಮೇಲೆ ಹಗ್ಗ ಮುಟ್ಟಿ ನೋಡಿ, ಬೇರೆ ಗುರುತು ಹಿಡಿಯಿರಿ.