ಗ್ರಿಮ್ ಫ್ಯಾಂಡಾಂಗೋ ರೀಮಾಸ್ಟರ್ಡ್: ಮೌಸ್ ಬಂತು, ಆಟೋ ಸೇವ್ ಬರಲಿಲ್ಲ

ಲ್ಯೂಕಸ್‌ಆರ್ಟ್ಸ್ ಕಂಪನಿ 1998ರಲ್ಲಿ ತಂದ ಕಂಪ್ಯೂಟರ್ ಆಟ ಗ್ರಿಮ್ ಫ್ಯಾಂಡಾಂಗೋ. 2015ರಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಕಂಪನಿ ಇದನ್ನು ರೀಮಾಸ್ಟರ್ ಮಾಡಿತು, ಅಂದರೆ ಹಳೆ ಆಟವನ್ನೇ ಹೊಸ ಕಾಲಕ್ಕೆ ತಕ್ಕಂತೆ ತಿದ್ದಿ ತಂದಿತು. ಅಂದಿನಿಂದ ನನ್ನ ಕಂಪ್ಯೂಟರ್‌ನಲ್ಲಿದೆ, ಆಗಾಗ ಮೊದಲಿನಿಂದ ಆಡುತ್ತಿರುತ್ತೇನೆ. ಹಳೆ ಅಡ್ವೆಂಚರ್ ಗೇಮ್‌ಗಳ (ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಹೋಗುವ ಆಟಗಳು) ಕಂಟ್ರೋಲ್ ಬದಲಾಯಿಸಬೇಕಾ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಬದಲಾಯಿಸಲಿ, ಆದರೆ ಹಳೆಯದೂ ಪಕ್ಕದಲ್ಲೇ ಇರಲಿ.

ನಾಯಕ ಮ್ಯಾನಿ ಕಾಲವೇರಾ ಒಬ್ಬ ಅಸ್ಥಿಪಂಜರ, ಸತ್ತವರ ಲೋಕದಲ್ಲಿ ಟ್ರಾವೆಲ್ ಏಜೆಂಟ್. ಮೂಲ ಆಟದಲ್ಲಿ ಮೌಸ್‌ಗೆ ಕೆಲಸವೇ ಇರಲಿಲ್ಲ. ಅಲ್ಲಿದ್ದದ್ದು ಕೀಬೋರ್ಡ್‌ನ ಟ್ಯಾಂಕ್ ಕಂಟ್ರೋಲ್. ಅಂದರೆ ಎಡ, ಬಲ ಬಾಣ ಒತ್ತಿದರೆ ಮ್ಯಾನಿ ತಿರುಗುತ್ತಾನೆ, ಮೇಲಿನ ಬಾಣ ಒತ್ತಿದರೆ ಮುಖ ಮಾಡಿದ ಕಡೆ ನಡೆಯುತ್ತಾನೆ. ಹೊಸಬರಿಗೆ ತಲೆನೋವು, ನಿಜ. ಸಣ್ಣ ಬಾಗಿಲು ದಾಟಲೂ ಗೋಡೆ ಸವರಿಕೊಂಡು ಹೋಗಬೇಕು. ಆದರೆ ಇದರಲ್ಲಿ ಒಂದು ಲೆಕ್ಕಾಚಾರ ಇದೆ. ಕ್ಯಾಮೆರಾ ಫಟ್ ಅಂತ ಇನ್ನೊಂದು ಕೋನಕ್ಕೆ ಹಾರಿದರೂ ಮ್ಯಾನಿ ದಾರಿ ತಪ್ಪುವುದಿಲ್ಲ, 'ಮುಂದೆ' ಅಂದರೆ ಅವನ ಮುಂದೆಯೇ. ಪರದೆಯ ದಿಕ್ಕು ನೋಡಿ ನಡೆಸುವ ಕಂಟ್ರೋಲ್‌ನಲ್ಲಿ ಕೋನ ಬದಲಾದಾಗ ಬಂದ ದಾರಿಗೇ ವಾಪಸ್ ಹೋಗುವುದುಂಟು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಪರದೆ ಮೇಲೆ ಬಟನ್, ಬಾಣದ ಗುರುತು ಏನೂ ಇರಲಿಲ್ಲ. ಏನಾದರೂ ಕೆಲಸಕ್ಕೆ ಬರುವ ವಸ್ತು ಹತ್ತಿರ ಬಂದರೆ ಮ್ಯಾನಿ ಅದರ ಕಡೆ ತಲೆ ತಿರುಗಿಸುತ್ತಾನೆ, ಅಷ್ಟೇ. ಅವನ ಕಣ್ಣು ಹೋದ ಕಡೆ ನಮ್ಮ ಕಣ್ಣು. ಹೀಗೆ ಕೋಣೆಯೆಲ್ಲ ಅವನ ಜೊತೆ ನಡೆದು ಹುಡುಕುತ್ತೇವೆ. ಮೌಸ್ ಹಿಡಿದರೆ ಪರದೆ ತುಂಬ ಕರ್ಸರ್ ಓಡಿಸಿ ವಸ್ತು ಹುಡುಕುತ್ತೇವೆ, ಮ್ಯಾನಿ ಸುಮ್ನೆ ನಿಂತಿರುತ್ತಾನೆ. ಕೆಲಸ ಬೇಗ ಆಗುತ್ತದೆ, ಅವನ ಜೊತೆಗಿನ ಆ ನಂಟು ಸಡಿಲವಾಗುತ್ತದೆ.

ಹಾಗಂತ ಮೌಸ್ ಬೇಡ ಅನ್ನಲಾರೆ. ರೀಮಾಸ್ಟರ್‌ಗೆ ಮುಂಚೆಯೇ ಅಭಿಮಾನಿಯೊಬ್ಬರು ಮೌಸ್‌ನಲ್ಲಿ ಆಡಲು ಒಂದು ಮಾಡ್ (ಆಟವನ್ನು ಬದಲಾಯಿಸುವ ಪುಟ್ಟ ಪ್ರೋಗ್ರಾಂ) ಬರೆದಿದ್ದರು, ಅಂದರೆ ಬೇಡಿಕೆ ಇತ್ತು ಅಲ್ವಾ? ರೀಮಾಸ್ಟರ್‌ನಲ್ಲಿ ಮೌಸ್ ಕೊಟ್ಟಿದ್ದಾರೆ, ಎಷ್ಟೋ ಜನರಿಗೆ ಈ ಕಥೆಯನ್ನು ಮುಗಿಸಲು ಅದರಿಂದಲೇ ಸಾಧ್ಯವಾಗಿದೆ. ಹಳೆಯ ಟ್ಯಾಂಕ್ ಮೋಡ್ ಕೂಡ ಉಳಿಸಿದ್ದಾರೆ, ಅದರಲ್ಲೇ ಪೂರ್ತಿ ಆಡಿದವರಿಗೆ ಒಂದು ಅಚೀವ್‌ಮೆಂಟ್ (ಆಟದೊಳಗಿನ ಪದಕ) ಇಟ್ಟಿದ್ದಾರೆ. ಹಳೆಯದಕ್ಕೆ ಕೊಟ್ಟ ಆ ಗೌರವ ನನಗೆ ಹಿಡಿಸಿತು.

ಗ್ರಾಫಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾತ್ರಗಳ ಮೇಲೆ ಬೆಳಕು, ನೆರಳು ಚೆನ್ನಾಗಿ ಬಂದಿದೆ, ಹಿನ್ನೆಲೆ ಚಿತ್ರಗಳು ಹಳೆಯವೇ. ಮೆಲ್ಬರ್ನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಸಂಗೀತ ಮಾತ್ರ ಅದ್ಭುತ.

ಬೇಸರ ಒಂದೇ. ಆಟೋ ಸೇವ್ ಇಲ್ಲ, ಅಂದರೆ ಆಡಿದ್ದು ತಾನಾಗಿ ಉಳಿಯುವುದಿಲ್ಲ. 2015ರ ರೀಮಾಸ್ಟರ್‌ನಲ್ಲಿ ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕರೆಂಟ್ ಹೋದರೆ ಬಿಡಿಸಿದ ಒಗಟನ್ನು ಮತ್ತೆ ಬಿಡಿಸಬೇಕು, ಕೇಳಿದ ಮಾತನ್ನೇ ಮತ್ತೆ ಕೇಳಬೇಕು. ಮೊದಲು ಬದಲಾಗಬೇಕಿದ್ದದ್ದು ಇದು.

ಹೊಸದಾಗಿ ಕೊಳ್ಳುವವರು ಮೌಸ್‌ನಲ್ಲೇ ಶುರು ಮಾಡಿ, ಆಗಾಗ ಕೈಯಾರೆ ಸೇವ್ ಮಾಡಿಕೊಳ್ಳಿ. ಕಥೆಯ ಎರಡನೇ ವರ್ಷದಲ್ಲಿ ಬರುವ ರುಬಕಾವಾ ಎಂಬ ಬಂದರು ತಲುಪಿದಾಗ ಒಮ್ಮೆ ಟ್ಯಾಂಕ್ ಮೋಡ್‌ಗೆ ಬದಲಾಯಿಸಿ ಊರೆಲ್ಲ ಸುತ್ತಾಡಿ ನೋಡಿ.