ಬ್ರೊಡೂರ್ ಆಟ ನೋಡಲೋ, ಹಾಶೆಕ್ ಆಟ ನೋಡಲೋ?

ಐಸ್ ಹಾಕಿ ಗೋಲ್‌ಕೀಪರ್‌ನ ಆಟ ತಿಳಿಯಲು ಯಾರ ಹಳೆಯ ಪಂದ್ಯಗಳಿಂದ ಶುರು ಮಾಡಬೇಕು? ನನ್ನ ಮನಸ್ಸಿನಲ್ಲಿರುವುದು ಇಬ್ಬರೇ.

ಕೆನಡಾದ ಮಾರ್ಟಿನ್ ಬ್ರೊಡೂರ್ ಅಂದರೆ ಬಾಳಿಕೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಲೀಗ್ ಹಂತದಲ್ಲೇ 1,266 ಪಂದ್ಯ, 691 ಗೆಲುವು. 125 ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ಗೋಲು ಬಿಡಲಿಲ್ಲ. ತಮ್ಮ ತಂಡ ನ್ಯೂಜೆರ್ಸಿ ಡೆವಿಲ್ಸ್‌ಗೆ ಮೂರು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ತಂಡದ ಟ್ರೋಫಿ). ಗೋಲಿನಿಂದ ಹೊರಬಂದು ತಾವೇ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಪಾಸ್ ಮಾಡುತ್ತಿದ್ದರು.

ಚೆಕ್ ದೇಶದ ಡೊಮಿನಿಕ್ ಹಾಶೆಕ್ ಬೇರೆಯೇ ಜಾತಿ. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ ಆಡಿದಾಗಲೇ ವಯಸ್ಸು 25. ಆದರೂ 1997, 1998ರಲ್ಲಿ ಸತತವಾಗಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ, ಒಟ್ಟು ಆರು ಸಲ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ. ಬೆನ್ನ ಮೇಲೆ ಬಿದ್ದರೂ ಕಾಲೆತ್ತಿ ತಡೆಯುತ್ತಿದ್ದರು. ಕೆಲವೊಮ್ಮೆ ಸ್ಟಿಕ್ ಕೈಬಿಟ್ಟು ಬರಿಗೈಯಂತೆ ಪಕ್ ಹಿಡಿಯುತ್ತಿದ್ದರು! 1998ರ ನಾಗಾನೋ ಒಲಿಂಪಿಕ್ಸ್ ಸೆಮಿಫೈನಲ್ ಶೂಟೌಟ್‌ನಲ್ಲಿ (ಪಂದ್ಯ ಸಮವಾದಾಗ ಒಬ್ಬೊಬ್ಬರಾಗಿ ಗೋಲಿಗೆ ಯತ್ನಿಸುವ ಸುತ್ತು) ಕೆನಡಾದ ಐದೂ ಜನರನ್ನು ತಡೆದರು. ಚಿನ್ನವೂ ಚೆಕ್‌ಗೇ ಬಂತು.

ಮನೆಯಲ್ಲಿ ಕಲಿಯುವ ಮಗು ಇದ್ದರೆ ಬ್ರೊಡೂರ್ ತೋರಿಸಿ. ಹಾಶೆಕ್‌ರ ಆಟ ಅನುಕರಿಸೋಕೆ ಆಗಲ್ಲ. ಆದರೆ ಒಂದೇ ಪಂದ್ಯಕ್ಕೆ ಸಮಯವಿದ್ದರೆ ನಾಗಾನೋ ನೋಡಿ. ನನಗಂತೂ ಆ ಐದು ತಡೆಗಳೇ ಜಾಸ್ತಿ ಇಷ್ಟ.